ಡಿಗ್ರಿ ಪ್ರಾಜೆಕ್ಟ್‌ಗೆ ಸಾಮಗ್ರಿ ಎಲ್ಲಿಂದ? ಕಾಲೇಜು ಲೈಬ್ರರಿ, ಯೂನಿವರ್ಸಿಟಿ, ಮೊಬೈಲು: ಯಾರಿಗೆ ಯಾವುದು

ಕೊನೆಯ ಸೆಮಿಸ್ಟರ್ ಶುರುವಾಗಿ ಒಂದು ತಿಂಗಳು ಕಳೆದರೆ ಸಾಕು, ನನ್ನ ಫೋನಿಗೆ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರತೊಡಗುತ್ತದೆ. "ಮೇಡಂ, ಪ್ರಾಜೆಕ್ಟ್‌ಗೆ ಯೂನಿವರ್ಸಿಟಿ ಲೈಬ್ರರಿಗೆ ಹೋಗ್ಲೇಬೇಕಾ?" "ನಮ್ ಕಾಲೇಜಲ್ಲಿರೋ ಪುಸ್ತಕ ಸಾಕಾಗಲ್ವಾ?" "ನೆಟ್ಟಲ್ಲಿ ಸಿಕ್ಕಿದ್ದು ಹಾಕಿದ್ರೆ ಗೈಡ್ ಬೈತಾರಾ?" ನಾನು ಮೈಸೂರು ಕಡೆಯ ತಾಲ್ಲೂಕು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನನ್ನ ಮಕ್ಕಳು ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸುತ್ತಲಿನ ಹಳ್ಳಿಗಳಿಂದ ಬರುವವರು. ಅವರಿಗೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಎಂದರೆ ಒಂದು ಇಡೀ ದಿನದ ಕೆಲಸ. ಹೋಗಿ ಬರಿಗೈಯಲ್ಲಿ ಬಂದರೆ ಆ ದಿನ ಹೋಯಿತು ಅಷ್ಟೇ. ಹಾಗಾಗಿ ಈ ಪ್ರಶ್ನೆಗೆ "ಹೋಗಿ, ಓದಿ, ಒಳ್ಳೆಯದಾಗುತ್ತೆ" ಅಂತ ಸುಮ್ನೆ ಹೇಳಿಬಿಡಲು ನನಗೆ ಮನಸ್ಸು ಬರುವುದಿಲ್ಲ.

ನೀವು ಧಾರವಾಡದ ಕಡೆಯವರಾದರೆ ಕರ್ನಾಟಕ ವಿಶ್ವವಿದ್ಯಾಲಯ ಅಂದುಕೊಳ್ಳಿ, ಕರಾವಳಿಯವರಾದರೆ ಮಂಗಳಗಂಗೋತ್ರಿ, ಬೆಂಗಳೂರಿನವರಾದರೆ ಜ್ಞಾನಭಾರತಿ. ಲೆಕ್ಕ ಹೆಚ್ಚುಕಮ್ಮಿ ಒಂದೇ.

ಮೊದಲು ಕೇಳಿಕೊಳ್ಳಬೇಕಾದದ್ದು

ಎಲ್ಲಕ್ಕಿಂತ ಮೊದಲ ಪ್ರಶ್ನೆ: ನಿಮ್ಮ ವಿಷಯದ ಬಗ್ಗೆ ಜನ ಬರೆದಿರುವುದು ಯಾವ ಭಾಷೆಯಲ್ಲಿ? ಇದನ್ನು ಯಾರೂ ಕೇಳುವುದೇ ಇಲ್ಲ, ಆದರೆ ಉಳಿದೆಲ್ಲ ತೀರ್ಮಾನ ಇದರ ಮೇಲೆಯೇ ನಿಂತಿದೆ. ಇಂಗ್ಲಿಷ್‌ನಲ್ಲಿ ಬರೆದದ್ದಾದರೆ, ಅದು ಮಣ್ಣಿನ ಸೂಕ್ಷ್ಮಜೀವಿ ಇರಲಿ, ಸ್ವಸಹಾಯ ಸಂಘದ ಸಾಲ ಇರಲಿ, ಬಹುಪಾಲು ಕೂತಲ್ಲಿಗೇ ಬರುತ್ತದೆ. ಕನ್ನಡದಲ್ಲಿ ಬರೆದದ್ದಾದರೆ ಬಹುಪಾಲು ಕಪಾಟಿನಲ್ಲೇ ಇರುತ್ತದೆ, ನೀವೇ ಎದ್ದು ಹೋಗಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಎರಡನೆಯದು, ನಿಮಗೆ ಬೇಕಿರುವುದು ಏನು: ಬೇರೆಯವರ ವಾದವೋ, ಅಂಕಿ ಅಂಶವೋ, ಅಥವಾ ಮೂಲವೇ ಬೇಕೋ? ಮೂಲ ಎಂದರೆ ಶಾಸನ, ಹಳೆಯ ಪತ್ರಿಕೆ, ಸರ್ಕಾರದ ಹಳೆಯ ವರದಿ ಇಂಥವು. ಮೂರನೆಯದು ದಿನ. ಸಲ್ಲಿಸಲು ಎರಡು ತಿಂಗಳಿದೆಯೋ, ಹತ್ತು ದಿನವೋ? ನಾಲ್ಕನೆಯದು ಖರ್ಚು. ಇದರಲ್ಲಿ ಈಗ ಒಂದು ತಮಾಷೆಯಾಗಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಹಾಗಾಗಿ ನನ್ನ ಹುಡುಗಿಯರು ಮೂರು ಸಲ ಹೋಗಿ ಬರುತ್ತಾರೆ, ಹುಡುಗರು ಒಂದೇ ಸಲಕ್ಕೆ ಮುಗಿಸಲು ನೋಡುತ್ತಾರೆ. ಒಂದೇ ತರಗತಿಯ ಇಬ್ಬರಿಗೂ ಒಂದೇ ಸಲಹೆ ಕೊಡಲು ಆಗುವುದಿಲ್ಲ, ನೋಡಿ. ಕೊನೆಯದು, ನಿಮ್ಮ ಹೆಸರಿನಲ್ಲಿ ಯಾವ ಬಾಗಿಲು ತೆರೆಯುತ್ತದೆ? ಸರ್ಕಾರಿ ಕಾಲೇಜೋ, ಅನುದಾನಿತವೋ, ಖಾಸಗಿಯೋ ಅನ್ನುವುದರ ಮೇಲೆ ನಿಮಗೆ ಸಿಗುವ ಪಾಸ್‌ವರ್ಡ್ ಬದಲಾಗುತ್ತದೆ.

ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಮುಂದೆ ಓದಿ.

ನಿಮ್ಮದೇ ಕಾಲೇಜಿನ ಲೈಬ್ರರಿ

ಇದನ್ನು ಎಲ್ಲರೂ ಕಡೆಗಣಿಸುತ್ತಾರೆ. ಕಾರಣವೂ ಇದೆ. ಬಹಳ ತಾಲ್ಲೂಕು ಕಾಲೇಜುಗಳಲ್ಲಿ ಇರುವುದು ಪಠ್ಯಪುಸ್ತಕ, ಗೈಡು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ. ಸಂಶೋಧನೆಗೆ ಆಗುವಂಥದ್ದು ಒಂದು ಕಪಾಟು ಇದ್ದರೆ ಪುಣ್ಯ. ಪುಸ್ತಕಕ್ಕಾಗಿ ಅಲ್ಲಿಗೆ ಹೋದರೆ ನಿರಾಸೆ ಖಚಿತ.

ಆದರೆ ಅಲ್ಲಿ ಕೂತಿರುವ ಲೈಬ್ರರಿಯನ್‌ಗಾಗಿ ಹೋಗಿ. ಎನ್-ಲಿಸ್ಟ್ ಎಂಬ ಯೋಜನೆಯ ಲಾಗಿನ್ ಕೊಡಿಸುವವರು ಅವರೇ. ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ವ್ಯವಸ್ಥೆ ಇದು. ಕಾಲೇಜು ವರ್ಷಕ್ಕೆ ಒಂದಿಷ್ಟು ಶುಲ್ಕ ಕಟ್ಟಿ ಸದಸ್ಯನಾಗಿರುತ್ತದೆ, ಇಂಗ್ಲಿಷ್ ಜರ್ನಲ್‌ಗಳು, ಅಂದರೆ ಸಂಶೋಧನ ಪತ್ರಿಕೆಗಳು, ಮತ್ತು ಲಕ್ಷಗಟ್ಟಲೆ ಇ-ಪುಸ್ತಕಗಳು ಅದರಲ್ಲಿ ಸಿಗುತ್ತವೆ. ವಿದ್ಯಾರ್ಥಿಗೆ ಒಂದು ಪೈಸೆ ಖರ್ಚಿಲ್ಲ. ಮನೆಯಿಂದಲೇ, ಮೊಬೈಲಿನಿಂದಲೇ ತೆರೆಯಬಹುದು. ಇಷ್ಟಾದರೂ ಎಷ್ಟೋ ಕಾಲೇಜುಗಳಲ್ಲಿ ಮೂರು ವರ್ಷ ಓದಿದ ಮಕ್ಕಳಿಗೆ ಹೀಗೊಂದಿದೆ ಅಂತಲೇ ಗೊತ್ತಿರುವುದಿಲ್ಲ. ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬರುವ ವಾರ ಮಾತ್ರ ಎಲ್ಲರ ಕೈಗೂ ಪಾಸ್‌ವರ್ಡ್ ಬರುತ್ತದೆ ಎಂದು ನಾವು ಸ್ಟಾಫ್ ರೂಮಿನಲ್ಲಿ ನಗಾಡುವುದುಂಟು. ನಗುವ ವಿಷಯವೇನಲ್ಲ, ಬಿಡಿ.

ಎನ್-ಲಿಸ್ಟ್‌ನ ಮಿತಿಯನ್ನೂ ಹೇಳಬೇಕು. ಮೊದಲನೆಯದಾಗಿ, ಅದು ಒಂದೇ ಕಣಜವಲ್ಲ, ಹಲವು ಪ್ರಕಾಶಕರ ಬಾಗಿಲುಗಳ ಸಾಲು. ಯಾವ ಬಾಗಿಲಿನ ಹಿಂದೆ ನಿಮ್ಮ ಲೇಖನ ಇದೆ ಅನ್ನುವುದು ಮೊದಲ ದಿನ ತಲೆ ತಿನ್ನುತ್ತದೆ. ನಾನು ಮಾಡುವುದು ಹೀಗೆ: ಮೊದಲು ಸಂಶೋಧನ ಬರಹಗಳನ್ನೇ ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿ ಲೇಖನದ ಹೆಸರು ಮತ್ತು ಜರ್ನಲ್ ಗುರುತು ಮಾಡಿಕೊಳ್ಳುವುದು, ಆಮೇಲೆ ಆ ಜರ್ನಲ್ ಎನ್-ಲಿಸ್ಟ್‌ನಲ್ಲಿ ಇದೆಯಾ ನೋಡುವುದು. ಉಲ್ಟಾ ಮಾಡಿದರೆ ಸಂಜೆಯಾಗುತ್ತದೆ. ಎರಡನೆಯದು, ಕನ್ನಡಕ್ಕೆ ಅದರಿಂದ ಹೆಚ್ಚು ಉಪಯೋಗವಿಲ್ಲ.

ಸರ್ಕಾರಿ ಕಾಲೇಜಿನವರಿಗೆ ಇನ್ನೊಂದು ಬಾಗಿಲು ತೆರೆದಿದೆ. ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆ 2025ರ ಜನವರಿಯಿಂದ ನಡೆಯುತ್ತಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸಂಸ್ಥೆಗಳಿಗೆ ಇದು ಲಭ್ಯ. ಅಂದರೆ ಐದು ವರ್ಷದ ಹಿಂದೆ ದೊಡ್ಡ ಸಂಸ್ಥೆಗಳಲ್ಲಿ ಮಾತ್ರ ಸಿಗುತ್ತಿದ್ದ ಎಲ್ಸೆವಿಯರ್, ಸ್ಪ್ರಿಂಗರ್, ವೈಲಿ ಜರ್ನಲ್‌ಗಳು ಈಗ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಹುಡುಗನಿಗೂ ಸಿಗಬೇಕು. 'ಬೇಕು' ಅಂದೆ, ಗಮನಿಸಿ. ನಿಮ್ಮ ಕಾಲೇಜು ಅದರಲ್ಲಿ ನೋಂದಾಯಿಸಿಕೊಂಡಿರಬೇಕು, ನಿಮಗೆ ಲಾಗಿನ್ ಬಂದಿರಬೇಕು. ಕೇಳಿ. ಇಲ್ಲ ಎಂದರೆ ಯಾವಾಗ ಬರುತ್ತೆ ಅಂತ ಕೇಳಿ. ಮತ್ತೆ ಹದಿನೈದು ದಿನ ಬಿಟ್ಟು ಕೇಳಿ. ಸಂಕೋಚ ಬೇಡ, ಇದು ನಿಮ್ಮ ಪಾಲಿನದು. ಬಿಎಸ್ಸಿ ಮಕ್ಕಳಿಗೆ ಇದು ಸಿಕ್ಕರೆ ವಿಶ್ವವಿದ್ಯಾಲಯಕ್ಕೆ ಹೋಗುವ ಅಗತ್ಯವೇ ಬಹಳ ಕಡಿಮೆ.

ಖಾಸಗಿ ಕಾಲೇಜಿನವರು ಈ ವಿಷಯದಲ್ಲಿ ಸ್ವಲ್ಪ ಬಡವರು, ಅದು ವಿಚಿತ್ರ ಅಲ್ವಾ? ಅವರಿಗೆ ಎನ್-ಲಿಸ್ಟ್, ಇಲ್ಲವೇ ಕಾಲೇಜು ಡೆಲ್ನೆಟ್ ಸದಸ್ಯನಾಗಿದ್ದರೆ ಅದು. ಡೆಲ್ನೆಟ್ ದೆಹಲಿಯ ಲೈಬ್ರರಿ ಜಾಲ. ಇನ್ನೊಂದು ಲೈಬ್ರರಿಯಲ್ಲಿರುವ ಪುಸ್ತಕವನ್ನು ಎರವಲು ತರಿಸಿಕೊಡುವ ವ್ಯವಸ್ಥೆ ಅದರಲ್ಲಿದೆ. ಆದರೆ ಅಂಚೆಯಲ್ಲಿ ಬರುವ ಪುಸ್ತಕಕ್ಕೆ ಕಾಯಲು ದಿನ ಬೇಕು. ಎರಡು ತಿಂಗಳಿದ್ದವರು ಮಾತ್ರ ನಂಬಿ.

ಪುಕ್ಕಟೆ ಸಿಗುವವು

ಇಲ್ಲಿ ಪಾಸ್‌ವರ್ಡಿನ ಗೋಜಿಲ್ಲ. ನನ್ನ ಮೊದಲ ಆಯ್ಕೆ ಶೋಧಗಂಗಾ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳನ್ನು ಇಟ್ಟಿರುವ ತಾಣ, ಇದೂ ಇನ್‌ಫ್ಲಿಬ್‌ನೆಟ್‌ನದೇ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಒಂದು ಪ್ರಬಂಧ ಒಂದೇ ಫೈಲಾಗಿ ಇರುವುದಿಲ್ಲ, ಅಧ್ಯಾಯಕ್ಕೊಂದು ಪಿಡಿಎಫ್. ಎಲ್ಲರೂ ಮೊದಲ ಅಧ್ಯಾಯ ತೆಗೆಯುತ್ತಾರೆ. ನೀವು ಮೊದಲು ಕೊನೆಯದನ್ನು ತೆಗೆಯಿರಿ, ಅಂದರೆ ಗ್ರಂಥಋಣ. ನಿಮ್ಮದೇ ವಿಷಯದ ಮೇಲೆ ನಾಲ್ಕೈದು ವರ್ಷ ಕೂತು ದುಡಿದ ಒಬ್ಬರು ಏನೇನು ಓದಿದರು ಎಂಬ ಪಟ್ಟಿ ಪುಕ್ಕಟೆ ಕೈಗೆ ಬರುತ್ತದೆ. ಅದರಲ್ಲಿ ಹತ್ತು ಹೆಸರು ಆರಿಸಿಕೊಂಡರೆ ನಿಮ್ಮ ಅರ್ಧ ಕೆಲಸ ಆಯಿತು. ಎರಡನೆಯದಾಗಿ ಅವರ 'ಹಿಂದಿನ ಅಧ್ಯಯನಗಳ ಸಮೀಕ್ಷೆ' ಅಧ್ಯಾಯ ನೋಡಿ. ನೋಡಿ ಅಂದೆ, ಎತ್ತಿ ಅಂಟಿಸಿ ಅನ್ನಲಿಲ್ಲ. ಪ್ರಬಂಧದ ಗುಣಮಟ್ಟವೂ ಒಂದೇ ಸಮ ಇರುವುದಿಲ್ಲ. ಚಿನ್ನವೂ ಇದೆ, ಹೊಟ್ಟೂ ಇದೆ.

ಕನ್ನಡ ಪ್ರಬಂಧಗಳಲ್ಲಿ ಒಂದು ತೊಡಕಿದೆ. ಹಳೆಯವು ಎಷ್ಟೋ ನುಡಿ, ಬರಹ ತಂತ್ರಾಂಶಗಳ ಯುನಿಕೋಡ್ ಅಲ್ಲದ ಅಕ್ಷರದಲ್ಲಿ ಟೈಪಾಗಿವೆ, ಇನ್ನು ಕೆಲವು ಬರೀ ಸ್ಕ್ಯಾನ್. ಕಣ್ಣಿಗೆ ಕನ್ನಡ ಕಾಣುತ್ತದೆ, ಆದರೆ ಫೈಲಿನೊಳಗೆ 'ವಚನ' ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಕಾಪಿ ಮಾಡಿದರೆ ಅಕ್ಷರಗಳ ಕಿಚಡಿ. ಇದೇ ಕಾರಣಕ್ಕೆ ಗೂಗಲ್ ಸ್ಕಾಲರ್‌ಗೂ ಅವು ಸರಿಯಾಗಿ ಕಾಣುವುದಿಲ್ಲ. ನೀವು ಕನ್ನಡದಲ್ಲಿ ಹುಡುಕಿ, ಏನೂ ಬರಲಿಲ್ಲ ಅಂದಕೂಡಲೇ "ಈ ವಿಷಯದಲ್ಲಿ ಯಾರೂ ಕೆಲಸ ಮಾಡಿಲ್ಲ" ಎಂದು ಪೀಠಿಕೆಯಲ್ಲಿ ಬರೆದುಬಿಡಬೇಡಿ. ವರ್ಷಕ್ಕೆ ಇಬ್ಬರಾದರೂ ಹಾಗೆ ಬರೆದುಕೊಂಡು ಬರುತ್ತಾರೆ. ಜಾನಪದದ ಮೇಲೆ ಯಾರೂ ಕೆಲಸ ಮಾಡಿಲ್ಲವಂತೆ!

ಹಳೆಯ ಪುಸ್ತಕಗಳಿಗೆ ಇಂಟರ್ನೆಟ್ ಆರ್ಕೈವ್. ಬಿ.ಎಲ್. ರೈಸ್ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಶಾಸನ ಸಂಪುಟಗಳು ಅಲ್ಲಿವೆ. ಮೈಸೂರು ಜಿಲ್ಲೆಯವರಿಗೆ 3 ಮತ್ತು 4ನೇ ಸಂಪುಟ. ಶಾಸನಗಳನ್ನು ತಾಲ್ಲೂಕಿನ ಪ್ರಕಾರ ಜೋಡಿಸಿದ್ದಾರೆ, ಹಾಗಾಗಿ ನಿಮ್ಮ ಊರಿನ ಹೆಸರು ಇದೆಯಾ ಅಂತ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಬುಕಾನನ್ 1800-01ರಲ್ಲಿ ಮೈಸೂರು ಸೀಮೆ ಸುತ್ತಿ ಬರೆದ ಪ್ರವಾಸ ಕಥನ, ಹಯವದನರಾಯರ ಮೈಸೂರು ಗೆಜೆಟಿಯರ್, ಇವೂ ಸಿಗುತ್ತವೆ. ವಚನದ ಮೇಲೆ ಕೆಲಸ ಮಾಡುವವರು 'ವಚನ ಸಂಚಯ' ತಾಣ ಬಿಡಬೇಡಿ. ಒಂದು ಪದ ಕೊಟ್ಟರೆ ಯಾವ ಯಾವ ವಚನಕಾರರು ಎಲ್ಲೆಲ್ಲಿ ಬಳಸಿದ್ದಾರೆ ಅಂತ ತೋರಿಸುತ್ತದೆ. ಸಂಪುಟಗಳನ್ನು ಒಂದೊಂದಾಗಿ ತಿರುವಿ ಹಾಕಿದರೆ ಒಂದು ತಿಂಗಳು ಹಿಡಿಯುವ ಕೆಲಸ. ಆದರೆ ಉಲ್ಲೇಖ ಕೊಡುವಾಗ ಅಚ್ಚಾದ ಸಮಗ್ರ ವಚನ ಸಂಪುಟ ತೆಗೆದು ಪಾಠ ತಾಳೆ ನೋಡಿ, ಪುಟಸಂಖ್ಯೆ ಬರೆದುಕೊಳ್ಳಿ. ಅದಕ್ಕೆ ಲೈಬ್ರರಿಗೇ ಹೋಗಬೇಕು.

ಅಂಕಿ ಅಂಶ ಬೇಕಿದ್ದವರಿಗೆ ಜನಗಣತಿಯ ಜಿಲ್ಲಾ ಕೈಪಿಡಿ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಜಿಲ್ಲಾ ಹಾಳೆಗಳು, ರಾಜ್ಯದ ಆರ್ಥಿಕ ಸಮೀಕ್ಷೆ, ಎಲ್ಲವೂ ನೆಟ್ಟಲ್ಲಿವೆ. ಬೆಂಗಳೂರಿನ ನಾಗರಭಾವಿಯಲ್ಲಿರುವ, ಸಾಮಾಜಿಕ ಮತ್ತು ಆರ್ಥಿಕ ಸಂಶೋಧನೆ ಮಾಡುವ ಐಸೆಕ್ ಸಂಸ್ಥೆ ತನ್ನ ವರ್ಕಿಂಗ್ ಪೇಪರ್‌ಗಳನ್ನು ಪುಕ್ಕಟೆ ಕೊಡುತ್ತದೆ. ಕರ್ನಾಟಕದ ಕೃಷಿ, ನೀರು, ಪಂಚಾಯಿತಿ ಬಗ್ಗೆ ಬರೆಯುವವರು ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು. ಜರ್ನಲ್ ಲೇಖನಗಳ ತಾಣ ಜೆಸ್ಟೋರ್‌ನಲ್ಲಿ ಸ್ವಂತ ಖಾತೆ ತೆರೆದರೆ ತಿಂಗಳಿಗೆ 100 ಲೇಖನದವರೆಗೆ ಪರದೆಯ ಮೇಲೆ ಓದಬಹುದು, ಇಳಿಸಿಕೊಳ್ಳಲು ಬಿಡುವುದಿಲ್ಲ. ಡಿಗ್ರಿ ಪ್ರಾಜೆಕ್ಟ್‌ಗೆ ನೂರು ಯಾಕೆ, ಹತ್ತು ಸರಿಯಾಗಿ ಓದಿದರೆ ನಾನು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತೇನೆ.

ಚಾಟ್‌ಬಾಟ್ ವಿಷಯ ಕೇಳುತ್ತೀರಿ ಅಂತ ಗೊತ್ತು. ಒಂದು ಅಧ್ಯಾಯವನ್ನು ಸರಳವಾಗಿ ಅರ್ಥ ಮಾಡಿಕೊಳ್ಳಲು, ಹುಡುಕಲು ಯಾವ ಇಂಗ್ಲಿಷ್ ಪದ ಹಾಕಬೇಕು ಅಂತ ತಿಳಿಯಲು ಬಳಸಿ, ತಪ್ಪಿಲ್ಲ. ಆಕರಗಳ ಪಟ್ಟಿ ಮಾತ್ರ ಕೇಳಬೇಡಿ. ಹೋದ ವರ್ಷ ಒಬ್ಬ ಹುಡುಗ ಚೆಂದದ ಪಟ್ಟಿ ತಂದಿದ್ದ. ಲೇಖಕರು ನಿಜ, ಪ್ರಕಾಶಕರು ನಿಜ, ಪುಸ್ತಕ ಮಾತ್ರ ಯಾರೂ ಬರೆದಿರಲಿಲ್ಲ. ಅದನ್ನು ಹಿಡಿದುಕೊಂಡು ಅವನು ಮೈಸೂರಿಗೆ ಹೋಗಿ ಒಂದು ಇಡೀ ಮಧ್ಯಾಹ್ನ ಕಪಾಟು ಹುಡುಕಿದ್ದ, ಪಾಪ.

ವಿಶ್ವವಿದ್ಯಾಲಯದ ಲೈಬ್ರರಿ: ಯಾವಾಗ ಆ ದಿನ ಖರ್ಚು ಮಾಡಬೇಕು

ಈಗ ಮುಖ್ಯ ಪ್ರಶ್ನೆ. ಇಷ್ಟೆಲ್ಲ ಕೂತಲ್ಲೇ ಸಿಗುವಾಗ ಬಸ್ಸು ಹತ್ತಬೇಕಾ?

ನಿಮ್ಮದು ಕನ್ನಡ ಸಾಹಿತ್ಯ, ಸ್ಥಳೀಯ ಇತಿಹಾಸ, ಜಾನಪದ, ಕರ್ನಾಟಕದ ರಾಜಕೀಯ ಆದರೆ ಹೌದು, ಹತ್ತಲೇಬೇಕು. ಮೊದಲ ತಿಂಗಳಲ್ಲೇ ಹತ್ತಬೇಕು. 1970, 80ರ ದಶಕದಲ್ಲಿ ಅಚ್ಚಾಗಿ ಮರುಮುದ್ರಣವಾಗದ ವಿಮರ್ಶೆಯ ಪುಸ್ತಕಗಳು, ಅಭಿನಂದನ ಗ್ರಂಥಗಳು, ವಿಚಾರ ಸಂಕಿರಣದ ಸಂಪುಟಗಳು ನೆಟ್ಟಿಗೆ ಬಂದಿರುವುದು ತೀರ ಕಡಿಮೆ. ಕೃತಿಸ್ವಾಮ್ಯ ಇರುವುದರಿಂದ ಆರ್ಕೈವ್‌ಗೂ ಹಾಕುವ ಹಾಗಿಲ್ಲ, ಮಾರಾಟ ಇಲ್ಲದ್ದರಿಂದ ಪ್ರಕಾಶಕರೂ ಹಾಕುವುದಿಲ್ಲ. ಮಧ್ಯದಲ್ಲಿ ಸಿಕ್ಕಿಕೊಂಡ ತಲೆಮಾರು ಅದು. ಅಭಿನಂದನ ಗ್ರಂಥಗಳನ್ನು ಜನ ಹಾರ ತುರಾಯಿಯ ಪುಸ್ತಕ ಅಂದುಕೊಳ್ಳುತ್ತಾರೆ. ಒಳಗೆ ತೆರೆದು ನೋಡಿ, ಮೊದಲ ಐವತ್ತು ಪುಟ ಹೊಗಳಿಕೆ, ಉಳಿದದ್ದು ಒಳ್ಳೊಳ್ಳೆಯ ಸಂಶೋಧನ ಲೇಖನ. 'ಪ್ರಬುದ್ಧ ಕರ್ನಾಟಕ'ದಂಥ ಹಳೆಯ ಪತ್ರಿಕೆಗಳ ಬೌಂಡ್ ವಾಲ್ಯೂಮ್‌ಗಳೂ ಅಷ್ಟೇ, ಕೂತು ಪರಿವಿಡಿ ತಿರುವಿದವರಿಗೆ ಮಾತ್ರ ಒಲಿಯುತ್ತವೆ.

ಇಂಗ್ಲಿಷ್ ಆಕರದ ವಿಷಯದವರು, ಉದಾಹರಣೆಗೆ ಬಿಕಾಂ ಹುಡುಗಿ ಡಿಜಿಟಲ್ ಪಾವತಿ ಬಗ್ಗೆ ಬರೆಯುತ್ತಿದ್ದರೆ, ಹೋಗದಿದ್ದರೂ ನಡೆಯುತ್ತದೆ. ಹೋದರೆ ಒಂದು ಲಾಭ ಇದೆ. ಕ್ಯಾಂಪಸ್ ನೆಟ್‌ವರ್ಕ್‌ನಲ್ಲಿ ವಿಶ್ವವಿದ್ಯಾಲಯ ಚಂದಾ ಕಟ್ಟಿದ ಜರ್ನಲ್‌ಗಳು ಸಾಮಾನ್ಯವಾಗಿ ಪಾಸ್‌ವರ್ಡ್ ಇಲ್ಲದೆ ತೆರೆಯುತ್ತವೆ. ನಿಮ್ಮ ಕಾಲೇಜಿಗೆ ಏನೂ ಇಲ್ಲದಿದ್ದರೆ ಒಂದು ಪೆನ್‌ಡ್ರೈವ್ ತೆಗೆದುಕೊಂಡು ಹೋಗಿ ಅರ್ಧ ದಿನದಲ್ಲಿ ಮುಗಿಸಿಕೊಂಡು ಬರಬಹುದು. ಕಂಪ್ಯೂಟರ್ ಸೆಕ್ಷನ್‌ಗೆ ಹೊರಗಿನವರನ್ನು ಬಿಡುತ್ತಾರಾ ಅಂತ ಮೊದಲೇ ಕೇಳಿ.

ತೊಂದರೆಗಳೂ ಇವೆ. ಸಂಯೋಜಿತ ಕಾಲೇಜಿನ ಡಿಗ್ರಿ ವಿದ್ಯಾರ್ಥಿಗೆ ಸಾಮಾನ್ಯವಾಗಿ ಪುಸ್ತಕ ಮನೆಗೆ ಕೊಡುವುದಿಲ್ಲ. ಅಲ್ಲೇ ಕೂತು ಓದಬೇಕು, ಬೇಕಾದಷ್ಟು ಜೆರಾಕ್ಸ್ ಮಾಡಿಸಿಕೊಳ್ಳಬೇಕು. ಒಳಗೆ ಬಿಡಲು ಪ್ರಿನ್ಸಿಪಾಲರ ಪತ್ರ, ಕಾಲೇಜಿನ ಐಡಿ ಕಾರ್ಡ್ ಕೇಳುತ್ತಾರೆ. ಕೆಲವು ಕಡೆ ದಿನದ ಶುಲ್ಕ ಇದೆ, ಕೆಲವು ಕಡೆ ಇಲ್ಲ. ಬ್ಯಾಗು ಬಾಗಿಲಲ್ಲೇ ಇಡಬೇಕು, ಹಾಗಾಗಿ ಒಂದು ನೋಟ್‌ಬುಕ್ಕು, ಪೆನ್ನು, ಪಟ್ಟಿ, ಚಿಲ್ಲರೆ ಕೈಯಲ್ಲಿಟ್ಟುಕೊಳ್ಳಿ. ಮೊಬೈಲ್‌ನಲ್ಲಿ ಫೋಟೋ ತೆಗೆಯುವ ಮೊದಲು ಅನುಮತಿ ಕೇಳಿ. ಎಷ್ಟೋ ಸಲ ಪುಸ್ತಕಕ್ಕೆ ಹೂಂ ಅನ್ನುತ್ತಾರೆ, ಪಿಎಚ್‌ಡಿ ಪ್ರಬಂಧಕ್ಕೆ ಊಹೂಂ.

ನನ್ನದೇ ಕಥೆ ಹೇಳುತ್ತೇನೆ. ನಾನು ಓದುವಾಗ ಎಂಬತ್ತು ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ಒಂದು ದೊಡ್ಡ ಲೈಬ್ರರಿಯ ಬಾಗಿಲಲ್ಲಿ ನಿಂತರೆ 'ಸ್ಟಾಕ್ ವೆರಿಫಿಕೇಶನ್ ಪ್ರಯುಕ್ತ ಹತ್ತು ದಿನ ಮುಚ್ಚಿದೆ' ಎಂಬ ಚೀಟಿ ಅಂಟಿಸಿದ್ದರು. ಎದುರಿನ ಹೋಟೆಲಲ್ಲಿ ಕಾಫಿ ಕುಡಿದು ವಾಪಸ್ ಬಂದೆ. ಇನ್ನೊಂದು ಸಲ ನಲವತ್ತು ಪುಟ ಜೆರಾಕ್ಸ್ ಮಾಡಿಸಿಕೊಂಡು ಬಂದು ನೋಡಿದರೆ ಶೀರ್ಷಿಕೆ ಪುಟವೇ ಇಲ್ಲ. ಪ್ರಕಾಶಕರು ಯಾರು, ವರ್ಷ ಯಾವುದು, ಏನೂ ಗೊತ್ತಿಲ್ಲ. ಆ ಎರಡು ಸಾಲಿಗಾಗಿ ಮತ್ತೆ ಹೋದೆ. ಆಗ ಶಕ್ತಿ ಯೋಜನೆಯೂ ಇರಲಿಲ್ಲ! ಅದಕ್ಕೇ ಹೇಳುವುದು, ಮೊದಲು ಜೆರಾಕ್ಸ್ ಮಾಡಿಸಬೇಕಾದದ್ದು ಶೀರ್ಷಿಕೆ ಪುಟ ಮತ್ತು ಅದರ ಹಿಂಬದಿ.

ಹೋಗುವ ಮೊದಲು ಮನೆಯಲ್ಲೇ ಕ್ಯಾಟಲಾಗ್ ನೋಡಿ. ನೆಟ್ಟಲ್ಲಿ ಒಪ್ಯಾಕ್, ಅಂದರೆ ಆನ್‌ಲೈನ್ ಕ್ಯಾಟಲಾಗ್, ಇಟ್ಟಿರುವ ವಿಶ್ವವಿದ್ಯಾಲಯಗಳಿವೆ. ಕನ್ನಡ ಪುಸ್ತಕ ಹುಡುಕುವಾಗ ಒಂದು ಗುಟ್ಟು ತಿಳಿದಿರಲಿ. ಬಹಳ ಕಡೆ ಕನ್ನಡ ಶೀರ್ಷಿಕೆಗಳನ್ನು ಇಂಗ್ಲಿಷ್ ಅಕ್ಷರದಲ್ಲಿ, ಆ ದಿನ ಟೈಪ್ ಮಾಡಿದವರಿಗೆ ತೋಚಿದಂತೆ ಹಾಕಿದ್ದಾರೆ. 'ಸಾಹಿತ್ಯ'ದ ತ್ಯ ಬರುವಲ್ಲಿ ಒಬ್ಬರು ಬರೀ ಟಿ ಹಾಕಿದ್ದರೆ, ಇನ್ನೊಬ್ಬರು ಟಿ ಪಕ್ಕ ಎಚ್ ಹಾಕಿರುತ್ತಾರೆ. 'ಶ'ಕ್ಕೆ ಒಮ್ಮೆ ಎಸ್, ಒಮ್ಮೆ ಎಸ್ಎಚ್. ಒಂದು ಕಾಗುಣಿತದಲ್ಲಿ ಸಿಗದಿದ್ದರೆ ಮೂರು ರೀತಿ ಬರೆದು ನೋಡಿ, ಇಲ್ಲವೇ ಲೇಖಕರ ಹೆಸರಿನಿಂದ ಹುಡುಕಿ. ಸಿಕ್ಕ ಮೇಲೆ ಕರೆಸಂಖ್ಯೆ, ಅಂದರೆ ಪುಸ್ತಕ ಯಾವ ಕಪಾಟಿನಲ್ಲಿದೆ ಅಂತ ತೋರಿಸುವ ಸಂಖ್ಯೆ, ಬರೆದುಕೊಳ್ಳಿ. ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ಪದ್ಧತಿ ಇರುವ ಲೈಬ್ರರಿಯಲ್ಲಿ ಕನ್ನಡ ಸಾಹಿತ್ಯ 894.814, ಕರ್ನಾಟಕದ ಇತಿಹಾಸ 954.87. ಆ ಸಂಖ್ಯೆಯ ಮುಂದೆ ಹೋಗಿ ನಿಂತು ನಿಮ್ಮ ಪುಸ್ತಕದ ಎಡಕ್ಕೆ ಹತ್ತು, ಬಲಕ್ಕೆ ಹತ್ತು ಬೆನ್ನು ಓದಿ. ಕ್ಯಾಟಲಾಗ್ ತಪ್ಪು ಕಾಗುಣಿತದಲ್ಲಿ ಬಚ್ಚಿಟ್ಟದ್ದನ್ನು ಕಪಾಟು ತೋರಿಸುತ್ತದೆ. ಕನ್ನಡದವರು ಲೈಬ್ರರಿಗೆ ಹೋಗಲೇಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಪ್ರಬಂಧಗಳ ವಿಭಾಗಕ್ಕೂ ಒಮ್ಮೆ ಇಣುಕಿ. ಹಳೆಯ ಪಿಎಚ್‌ಡಿ, ಎಂಫಿಲ್ ಪ್ರಬಂಧಗಳು ಎಲ್ಲವೂ ಶೋಧಗಂಗಾ ಸೇರಿಲ್ಲ.

ವಿಶ್ವವಿದ್ಯಾಲಯದ ಆಚೆ

ಕೆಲವೊಮ್ಮೆ ವಿಶ್ವವಿದ್ಯಾಲಯಕ್ಕಿಂತ ಬೇರೆ ಬಾಗಿಲೇ ಸರಿ. ಬೆಂಗಳೂರಿನಲ್ಲಿರುವವರಿಗೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯ ಇದೆ, ಪತ್ರ ಗಿತ್ರ ಇಲ್ಲದೆ ಕೂತು ಓದಬಹುದು. ಇತಿಹಾಸದವರಿಗೆ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ, 1909ರಿಂದ ಇರುವ ಸಂಸ್ಥೆ. ಮೈಸೂರು ಸಂಸ್ಥಾನದ ಆಡಳಿತದ ಕಡತಗಳೇ ಬೇಕು ಅನ್ನುವವರಿಗೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ. ಆದರೆ ಪತ್ರಾಗಾರದಲ್ಲಿ ಕಡತ ಕೇಳಿ, ಬಂದು, ಹಳೆಯ ಇಂಗ್ಲಿಷ್ ಕೈಬರಹ ಓದಿ ಅರ್ಥ ಮಾಡಿಕೊಳ್ಳಲು ವಾರಗಳು ಬೇಕು. ಡಿಗ್ರಿ ಪ್ರಾಜೆಕ್ಟ್‌ಗೆ ನಾನು ಬೇಡ ಅಂತಲೇ ಹೇಳುತ್ತೇನೆ, ಎಂಎಗೆ ಉಳಿಸಿಕೊಳ್ಳಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವೂ ಹಾಗೆಯೇ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಶಾಮಶಾಸ್ತ್ರಿಗಳು ಗುರುತಿಸಿದ ಜಾಗ ಅದು, ಒಮ್ಮೆ ನೋಡಿ ಬನ್ನಿ. ಓಲೆಗರಿ ಓದುವ ಕೆಲಸವನ್ನು ಮಾತ್ರ ಈಗಲೇ ತಲೆಗೆ ಹಚ್ಚಿಕೊಳ್ಳಬೇಡಿ.

ಯಾರು ಏನು ಮಾಡಬೇಕು

ಹುಣಸೂರು ಕಡೆಯ ಹೊಗೆಸೊಪ್ಪಿನ ಬೆಳೆಗಾರರ ಬಗ್ಗೆ ಬರೆಯುವ ಅರ್ಥಶಾಸ್ತ್ರದ ವಿದ್ಯಾರ್ಥಿ, ಎರಡು ತಿಂಗಳಿದೆ, ಕೈಯಲ್ಲಿ ದುಡ್ಡು ಕಡಿಮೆ: ತಂಬಾಕು ಮಂಡಳಿಯ ವಾರ್ಷಿಕ ವರದಿಗಳು, ಐಸೆಕ್ ಪೇಪರ್‌ಗಳು, ಶೋಧಗಂಗಾದಲ್ಲಿ ಎರಡು ಪ್ರಬಂಧ, ಎನ್-ಲಿಸ್ಟ್‌ನಲ್ಲಿ ನಾಲ್ಕು ಲೇಖನ. ಉಳಿಸಿದ ದಿನಗಳನ್ನು ರೈತರ ಹತ್ತಿರ, ಹರಾಜು ಕಟ್ಟೆಯ ಹತ್ತಿರ ಕಳೆಯಿರಿ. ವಿಶ್ವವಿದ್ಯಾಲಯಕ್ಕೆ ಹೋಗದಿದ್ದರೂ ನಿಮ್ಮ ಪ್ರಾಜೆಕ್ಟ್ ಬಡವಾಗುವುದಿಲ್ಲ.

ಬಿಎಸ್ಸಿಯವರು ಸರ್ಕಾರಿ ಕಾಲೇಜಿನವರಾದರೆ ಮೊದಲು ಲಾಗಿನ್, ಆಮೇಲೆ ಬೇರೆ ಮಾತು. ಖಾಸಗಿಯವರಾದರೆ ಎನ್-ಲಿಸ್ಟ್, ಜತೆಗೆ ಗೂಗಲ್ ಸ್ಕಾಲರ್‌ನಲ್ಲಿ ಪ್ರತಿ ಲೇಖನದ ಕೆಳಗೆ ಬರುವ 'ಎಲ್ಲ ಆವೃತ್ತಿಗಳು' ಕೊಂಡಿ ಒತ್ತಿ ನೋಡಿ. ಲೇಖಕರೇ ಎಲ್ಲೋ ಒಂದು ಕಡೆ ಪುಕ್ಕಟೆ ಪ್ರತಿ ಇಟ್ಟಿರುತ್ತಾರೆ.

ನಿಮ್ಮೂರಿನ ದೇವಸ್ಥಾನ, ಕೆರೆ, ಶಾಸನದ ಇತಿಹಾಸ ಬರೆಯುವವರು ರೈಸ್ ಸಂಪುಟದಿಂದ ಮನೆಯಲ್ಲೇ ಶುರು ಮಾಡಿ, ಶಾಸನದ ಸಂಖ್ಯೆ ಗುರುತು ಹಾಕಿಕೊಳ್ಳಿ. ನಂತರ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಪರಿಷ್ಕೃತ ಸಂಪುಟ ನೋಡಲು ಲೈಬ್ರರಿಗೆ ಒಂದು ದಿನ ಹೋಗಿ, ಏಕೆಂದರೆ ರೈಸ್ ಕಾಲದ ನಂತರ ಸಿಕ್ಕ ಶಾಸನಗಳು ಹಳೆಯದರಲ್ಲಿ ಇರುವುದಿಲ್ಲ. ಪರಿಷ್ಕೃತ ಸಂಪುಟದಲ್ಲಿ ಸಂಖ್ಯೆಗಳು ಬೇರೆ ಆಗಿರುತ್ತವೆ, ಗೊಂದಲ ಮಾಡಿಕೊಳ್ಳಬೇಡಿ.

ಸಲ್ಲಿಸಲು ಹತ್ತು ದಿನ ಉಳಿದಿದೆ, ವಿಷಯ ಕನ್ನಡ ಸಾಹಿತ್ಯ, ಇನ್ನೂ ಏನೂ ಮಾಡಿಲ್ಲ ಅನ್ನುವವರೇ ಜಾಸ್ತಿ ಅಂತ ನನಗೆ ಗೊತ್ತು. ಬೈಯುವುದಿಲ್ಲ. ವಿಷಯವನ್ನು ಚಿಕ್ಕದು ಮಾಡಿ. 'ಒಬ್ಬ ಕಾದಂಬರಿಕಾರರ ಸಮಗ್ರ ಅಧ್ಯಯನ' ಬಿಟ್ಟು ಒಂದು ಕಾದಂಬರಿಯ ಒಂದು ಅಂಶ ಹಿಡಿಯಿರಿ. ಮೊದಲ ದಿನ ಶೋಧಗಂಗಾದಿಂದ ಒಂದು ಪ್ರಬಂಧದ ಗ್ರಂಥಋಣ ಇಳಿಸಿ ಎಂಟು ಪುಸ್ತಕ ಆರಿಸಿ. ಎರಡನೆಯ ದಿನ ಒಪ್ಯಾಕ್‌ನಲ್ಲಿ ಅವುಗಳ ಕರೆಸಂಖ್ಯೆ ತೆಗೆಯಿರಿ, ಪ್ರಿನ್ಸಿಪಾಲರ ಪತ್ರ ಮಾಡಿಸಿ. ಮೂರನೆಯ ದಿನ ಬೆಳಗಿನ ಮೊದಲ ಬಸ್ಸು. ಎಂಟರಲ್ಲಿ ಐದು ಸಿಕ್ಕೇ ಸಿಗುತ್ತವೆ, ಉಳಿದ ಮೂರರ ಜಾಗದಲ್ಲಿ ಪಕ್ಕದ ಪುಸ್ತಕ ತೆಗೆಯಿರಿ. ಹೊರಡುವ ಹಿಂದಿನ ದಿನ ಲೈಬ್ರರಿಗೆ ಫೋನ್ ಮಾಡಿ ನಾಳೆ ತೆರೆದಿರುತ್ತಾ ಅಂತ ಮಾತ್ರ ಕೇಳಿಬಿಡಿ.